ಕೆರೆಯ ಮೀನಿಗೆ ಹಿತ್ತಲ ಮದ್ದು



ಈ ಸ್ಮರಣಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡತಕ್ಕದ್ದೆಂದು ಸಂಪಾದಕಮಂಡಲಿಯವರು ಕೇಳಿಕೊಂಡಾಗ, ಶಾಲೆಯ ಏಳಿಗೆಯನ್ನೋ ಪರೀಕ್ಷೆಗಳ ಫಲಿತಾಂಶವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ನಾನು ಆರಿಸಿಕೊಂಡ ವಿಷಯವಾದರೋ ಮೀನು. ಅದರಲ್ಲಿಯೂ, ಸಾಕಿದ ಮೀನುಗಳಿಗೆ ಗಿಡಮೂಲಿಕೆಗಳನ್ನು ತಿನ್ನಿಸಿ ಅವುಗಳ ರೋಗನಿರೋಧಶಕ್ತಿಯನ್ನು ಹೆಚ್ಚಿಸಬಹುದೇ ಎಂಬ ಪ್ರಶ್ನೆ. ಹೆಣ್ಣುಮಕ್ಕಳ ಪ್ರೌಢಶಾಲೆಯ ಸಂಚಿಕೆಗೆ ಇದೇತರ ವಿಷಯವೆಂದು ನೀವು ನಗಬಹುದು. ಆದರೆ ಇದನ್ನು ಬರೆಯುವುದಕ್ಕೆ ನನಗೊಂದು ಕಾರಣವುಂಟು. ಆ ಕಾರಣವು ನನ್ನದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಬಳ್ಳಿಗಾವಿಯ ಕಡೆಯ ಒಂದು ಹಳ್ಳಿಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ನನ್ನನ್ನು ಕಾಣಲು ಬಂದಳು. ಆಕೆಯೂ ನೆರೆಯ ಕೆಲವು ಹೆಂಗಸರೂ ಕೂಡಿ ಹೊಲದ ಹೊಂಡವೊಂದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳನ್ನು ಬಿಟ್ಟಿದ್ದರು. ಆ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿಕೊಂಡಿದ್ದುವು. "ಟೀಚರ್, ಬೇವಿನ ಸೊಪ್ಪು ಹಾಕಿದರೆ ವಾಸಿಯಾದೀತೇ? ನೀವು ವಿಜ್ಞಾನ ಕಲಿಸಿದವರು, ನೀವು ಹೇಳಿದ ಹಾಗೆ ಮಾಡುತ್ತೇವೆ" ಎಂದಳು. ನಾನು ಹೆಚ್ಚು ಆಲೋಚಿಸದೆ, "ಬೇವಿನಿಂದ ಯಾರಿಗೆ ಕೆಡುಕಾದೀತು? ಹಾಕಿ ನೋಡು" ಎಂದುಬಿಟ್ಟೆನು. ಅವರು ಬುಟ್ಟಿಗಟ್ಟಲೆ ಸೊಪ್ಪನ್ನು ತಂದು ಹೊಂಡಕ್ಕೆ ಸುರಿದರು. ಮೂರನೆಯ ದಿನ ಬೆಳಗಿನ ಜಾವ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗಾಗಿ ಹಾತೊರೆಯುತ್ತಿದ್ದುವು. ಹೊತ್ತೇರುವುದರೊಳಗೆ ಅರ್ಧಕ್ಕಿಂತ ಹೆಚ್ಚು ಸತ್ತು ತೇಲಿದುವು. ಆ ಮೀನಿನ ಹಣದಿಂದ ಅವಳ ತಂಗಿಯನ್ನು ಕಾಲೇಜಿಗೆ ಸೇರಿಸಬೇಕೆಂದಿದ್ದರು. ಅವಳು ನನ್ನನ್ನು ಒಂದು ಮಾತಿನಿಂದಲೂ ದೂರಲಿಲ್ಲ. ಆದದರಿಂದಲೇ ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ನಿಂತಿದೆ.

ಅಂದಿನಿಂದ ಈ ವಿಷಯವನ್ನು ಕುರಿತು ಬಲ್ಲವರನ್ನು ಕೇಳಿಯೂ ಗ್ರಂಥಗಳನ್ನು ಓದಿಯೂ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಕೃಷಿಹೊಂಡಗಳಿವೆ. ಕೆಲವರು ಕೆರೆಗಳನ್ನು ಗುತ್ತಿಗೆ ಹಿಡಿದಿದ್ದೀರಿ. ನನಗಾದ ಪಾಠವು ನಿಮಗೆ ನಷ್ಟವಿಲ್ಲದೆ ದೊರೆಯಲೆಂದು ನನ್ನ ಬಯಕೆ.

ನಮ್ಮ ಸೀಮೆಗೆ ಕೆರೆಯೂ ಹೊಸದಲ್ಲ, ಮದ್ದೂ ಹೊಸದಲ್ಲ. ಬಳ್ಳಿಗಾವಿಯ ನೆರೆಯ ತಾಳಗುಂದದ ಕಂಬದ ಶಾಸನವು, ಕದಂಬರ ಕಾಕುಸ್ಥವರ್ಮನು ಅಲ್ಲಿಯ ದೇವಾಲಯದ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಅದು ೫ನೆಯ ಶತಮಾನದ ಮಾತು. ಬಳ್ಳಿಗಾವಿಯ ಕೋಡಿಯ ಮಠದ ಹೆಸರಿನಲ್ಲಿಯೇ ಕೆರೆಯ ಕೋಡಿ ಅಡಗಿದೆ. ಬಿಜ್ಜಳನ ಕಾಲದ, ೧೧೬೨ರ ಶಾಸನವು ಆ ಮಠವನ್ನು ವರ್ಣಿಸುತ್ತ, ಅದು ವಿದ್ಯೆ ಕಲಿಸುವ ಸ್ಥಾನವೆಂದೂ, ದೀನರಿಗೆ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೆಂದೂ ಹೇಳುತ್ತದೆ. ಪಾಠಶಾಲೆಯೂ ಆಸ್ಪತ್ರೆಯೂ ಒಂದೇ ಅಂಗಳದಲ್ಲಿದ್ದುವೆಂಬುದನ್ನು ನಮ್ಮ ಮಕ್ಕಳು ಅಲ್ಲಿಗೆ ಪ್ರವಾಸ ಹೋದಾಗಲೆಲ್ಲ ನಾನು ನೆನಪಿಸುವುದುಂಟು. ಈ ಬನವಾಸಿ ನಾಡನ್ನು ಆಳುತ್ತಿದ್ದ ಕಲ್ಯಾಣದ ಚಾಳುಕ್ಯರಲ್ಲಿ ಒಬ್ಬನಾದ ೩ನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕತಕ್ಕ ಆಹಾರವನ್ನೂ ವಿವರಿಸುವ ಒಂದು ಭಾಗವೇ ಇದೆ. ಮೀನಿಗೆ ಏನನ್ನು ತಿನ್ನಿಸಬೇಕೆಂಬ ವಿಚಾರವು ಅರಸರಿಗೂ ಕಡಿಮೆಯ ವಿಚಾರವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನು ವಿಷಯಕ್ಕೆ ಬರೋಣ. ಮೀನಿಗೆ ರೋಗನಿರೋಧಶಕ್ತಿ ಎಂಬುದುಂಟೇ? ಉಂಟು. ಒಂದು ಕೋಟೆಗೆ ಮೂರು ಸುತ್ತಿನ ಗೋಡೆಗಳಿರುವಂತೆ ಅದನ್ನು ಭಾವಿಸಬಹುದು. ಮೊದಲನೆಯ ಸುತ್ತು ಮೀನಿನ ಮೈಮೇಲಿನ ಲೋಳೆ. ಮೀನನ್ನು ಹಿಡಿದಾಗ ಕೈಯಿಂದ ಜಾರುವಂತೆ ಮಾಡುವ ಆ ಲೋಳೆಯನ್ನು ನಾವು ಅಸಹ್ಯವೆಂದೆಣಿಸುತ್ತೇವೆ. ಮೀನಿಗಾದರೋ ಅದು ಕವಚ. ಸೂಕ್ಷ್ಮಜೀವಿಗಳು ಅದರಲ್ಲಿ ಸಿಕ್ಕಿಕೊಂಡು ಕೊಚ್ಚಿಹೋಗುತ್ತವೆ. ಅವುಗಳ ಹೊರಪೊರೆಯನ್ನು ಒಡೆಯುವ ಲೈಸೋಜೈಮ್ ಎಂಬ ದ್ರವ್ಯವೂ ಅದರಲ್ಲಿರುತ್ತದೆ. ಎರಡನೆಯ ಸುತ್ತು ರಕ್ತದಲ್ಲಿರುವ ಭಕ್ಷಕ ಕಣಗಳು. ಒಳಹೊಕ್ಕ ಶತ್ರುವನ್ನು ಇವು ಸುತ್ತುವರಿದು ನುಂಗಿಬಿಡುತ್ತವೆ. ಮೀನಿನ ಎಲುಬಿನಲ್ಲಿ ನಮ್ಮಲ್ಲಿರುವಂತೆ ರಕ್ತವನ್ನು ಹುಟ್ಟಿಸುವ ಮಜ್ಜೆಯಿಲ್ಲವಾದ್ದರಿಂದ, ಅದರ ಮೂತ್ರಪಿಂಡದ ಮುಂಭಾಗವೇ ಈ ಸೈನಿಕರನ್ನು ಸಿದ್ಧಪಡಿಸುವ ಸ್ಥಾನ. ಮೂರನೆಯ ಸುತ್ತು ಪ್ರತಿಕಾಯಗಳು; ಒಮ್ಮೆ ಕಂಡ ಶತ್ರುವನ್ನು ನೆನಪಿನಲ್ಲಿಟ್ಟು, ಮತ್ತೊಮ್ಮೆ ಬಂದಾಗ ಗುರುತುಹಿಡಿದು ತಡೆಯುವುದು ಇವುಗಳ ಕೆಲಸ.

ಈ ಮೂರರಲ್ಲಿ ಕೊನೆಯದು ಮೀನಿನಲ್ಲಿ ನಿಧಾನ. ಯಾಕಂದರೆ ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಮೈಯೂ ತಣ್ಣಗಾಗಿ, ಪ್ರತಿಕಾಯಗಳು ಹುಟ್ಟುವುದೂ ತಡವಾಗುವುದು. ಮಳೆಗಾಲ ಕಳೆದು ಚಳಿ ಹಿಡಿಯುವ ತಿಂಗಳುಗಳಲ್ಲಿಯೇ ಹುಣ್ಣಿನ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹರಡುವ ಹುಣ್ಣಿನ ರೋಗವು ೧೯೮೮ರಲ್ಲಿ ನಮ್ಮ ದೇಶದ ಈಶಾನ್ಯ ಭಾಗವನ್ನು ಹೊಕ್ಕು, ಮುಂದಿನ ವರ್ಷಗಳಲ್ಲಿ ಬಹುತೇಕ ಪ್ರಾಂತಗಳಿಗೆ ಹಬ್ಬಿ, ಮೀನುಗಾರರಿಗೆ ಅಪಾರ ನಷ್ಟವನ್ನುಂಟುಮಾಡಿತು. ಬೂಷ್ಟಿನಂಥ ಒಂದು ಜಲಜೀವಿಯು ಅದರ ಮೂಲ. ಇದಲ್ಲದೆ ಏರೋಮೊನಾಸ್ ಎಂಬ ಸೂಕ್ಷ್ಮಜೀವಿಯೊಂದು ಎಲ್ಲ ಕೆರೆಗಳಲ್ಲಿಯೂ ಇರುತ್ತದೆ. ಮೀನು ಗಟ್ಟಿಯಾಗಿರುವಾಗ ಅದು ಸುಮ್ಮನಿರುವುದು. ಮೀನು ಬಳಲಿದಾಗ ಮೈಯಲ್ಲಿ ರಕ್ತದ ಕಲೆಗಳನ್ನೂ ಹೊಟ್ಟೆಯಲ್ಲಿ ನೀರು ತುಂಬುವ ಬಾವನ್ನೂ ತರುವುದು.

ಹೀಗಿರುವಲ್ಲಿ ಆಸ್ಪತ್ರೆಯ ಔಷಧಗಳನ್ನೇ ಏಕೆ ಕೊಡಬಾರದೆಂದು ಕೇಳಬಹುದು. ಸೂಕ್ಷ್ಮಜೀವಿನಾಶಕ ಔಷಧಗಳನ್ನು ಮೇವಿನೊಡನೆ ಬೆರಸಿ ಕೊಡುವ ರೂಢಿಯು ಲೋಕದಲ್ಲೆಲ್ಲ ಹಬ್ಬಿದ್ದು ನಿಜ. ಆದರೆ ತಿಂದುದರಲ್ಲಿ ಒಂದು ಪಾಲು ನೀರಿಗೂ ಕೆಸರಿಗೂ ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳು ಆ ಔಷಧಕ್ಕೆ ಒಗ್ಗಿಹೋಗುತ್ತವೆ. ಮುಂದೆ ಅದೇ ಔಷಧವು ಮನುಷ್ಯನಿಗೂ ಕೆಲಸಮಾಡದೆ ಹೋಗುವ ಭಯವುಂಟು. ಈ ಕಾರಣದಿಂದಲೇ ಯೂರೋಪಿನ ಒಕ್ಕೂಟವು, ಬೆಳವಣಿಗೆಗಾಗಿ ಪ್ರಾಣಿಗಳ ಮೇವಿನಲ್ಲಿ ಇಂಥ ಔಷಧಗಳನ್ನು ಬೆರಸುವುದನ್ನು ೨೦೦೬ರಲ್ಲಿ ನಿಲ್ಲಿಸಿತು. ನಮ್ಮ ದೇಶದಲ್ಲಿಯೂ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮೊದಲಾದುವು ಮೀನುಸಾಕಣೆಯಲ್ಲಿ ನಿಷಿದ್ಧವಾಗಿವೆ. ಚುಚ್ಚುಮದ್ದನ್ನು ಸಾವಿರಾರು ಮರಿಗಳಿಗೆ ಒಂದೊಂದಾಗಿ ಚುಚ್ಚುವುದು ಬಡವರ ಹೊಂಡದಲ್ಲಿ ನಡೆಯುವ ಕೆಲಸವಲ್ಲ. ಆದದರಿಂದ ವಿದ್ವಾಂಸರ ದೃಷ್ಟಿಯು ಗಿಡಮೂಲಿಕೆಗಳ ಕಡೆಗೆ ತಿರುಗಿತು.

ಈ ವಿಚಾರದಲ್ಲಿ ಮೊದಮೊದಲು ಶ್ರಮಪಟ್ಟವರಲ್ಲಿ ಮಧುರೆಯ ಅಮೆರಿಕನ್ ಕಾಲೇಜಿನವರೂ ಸೇರಿದ್ದಾರೆಂದು ಹೇಳಲು ನನಗೆ ಸಂತೋಷವಾಗುತ್ತದೆ. ಯಾಕಂದರೆ ೧೮೮೧ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯವೂ ನಮ್ಮ ಶಾಲೆಯಂತೆಯೇ ಮಿಶನಿನಿಂದ ಹುಟ್ಟಿದುದು. ಅಲ್ಲಿಯ ಪ್ರಾಣಿಶಾಸ್ತ್ರದವರು ತುಲಸಿಯ ಎಲೆಯ ಸಾರವನ್ನು ತಿಲಾಪಿಯಕ್ಕೆ, ಅಂದರೆ ನಮ್ಮವರು ಜಿಲೇಬಿಯೆಂದು ಕರೆಯುವ ಮೀನಿಗೆ ಕೊಟ್ಟು, ಅದರಿಂದ ಪ್ರತಿಕಾಯಗಳು ಹೆಚ್ಚಿದುವೆಂದೂ ಏರೋಮೊನಾಸನ್ನು ತಡೆಯುವ ಬಲವು ಬೆಳೆಯಿತೆಂದೂ ೨೦೦೦ದಲ್ಲಿ ಪ್ರಕಟಿಸಿದರು. ಮುಂದೆ ಅಮೃತಬಳ್ಳಿಯನ್ನೂ ಪರೀಕ್ಷಿಸಿದರು. ೨೦೦೭ರಲ್ಲಿ, ನಮ್ಮ ಗದ್ದೆಯ ಬದುಗಳಲ್ಲಿ ತಾನಾಗಿ ಬೆಳೆಯುವ ಗರಗದ ಸೊಪ್ಪಿನ ಸಾರವನ್ನು ಮೇವಿನಲ್ಲಿ ಒಂದರಿಂದ ಮೂರು ವಾರಗಳವರೆಗೆ ತಿನ್ನಿಸಿದ ಪರೀಕ್ಷೆಯ ಫಲವೂ ಹೊರಬಂದಿತು.

ನಮ್ಮ ಕೆರೆಗಳ ರೋಹು ಮೀನಿನ ಮೇಲೆಯೂ ಪರೀಕ್ಷೆಗಳಾಗಿವೆ. ಒಡಿಶಾದ ಭುವನೇಶ್ವರದ ಬಳಿಯ ಕೌಸಲ್ಯಗಂಗದಲ್ಲಿರುವ ಸಿಹಿನೀರಿನ ಮೀನುಸಾಕಣೆಯ ಕೇಂದ್ರಸಂಸ್ಥೆಯವರು, ಒಂದು ಕಿಲೋಗ್ರಾಂ ಮೇವಿಗೆ ೧ ಗ್ರಾಂ, ೫ ಗ್ರಾಂ, ೧೦ ಗ್ರಾಂ ಎಂಬ ಮೂರು ಪ್ರಮಾಣಗಳಲ್ಲಿ ಬೆಳ್ಳುಳ್ಳಿಯನ್ನು ಬೆರಸಿ ೬೦ ದಿನ ರೋಹು ಮರಿಗಳಿಗೆ ತಿನ್ನಿಸಿದರು. ಬಳಿಕ ರೋಗಾಣುವನ್ನು ಹೊಗಿಸಿ ನೋಡಿದಾಗ, ಬೆಳ್ಳುಳ್ಳಿಯನ್ನು ತಿಂದ ಮೀನುಗಳು ಬರಿಯ ಮೇವನ್ನು ತಿಂದವುಗಳಿಗಿಂತ ಹೆಚ್ಚಾಗಿ ಬದುಕಿಕೊಂಡುವು. ಇದು ೨೦೦೭ರಲ್ಲಿ ಪ್ರಕಟವಾಯಿತು. ಬೇಲಿಯ ಬದಿಯ ಉತ್ತರಾಣಿ, ಅರಿಸಿನ, ಅಶ್ವಗಂಧದ ಬೇರು, ನಾವು ತಿಂದು ಎಸೆಯುವ ಮಾವಿನ ಓಟೆಯೊಳಗಿನ ತಿರುಳು, ಸೀಬೆಯ ಎಲೆ, ಇವೆಲ್ಲವನ್ನೂ ರೋಹುವಿಗೆ ತಿನ್ನಿಸಿ ನೋಡಿದ್ದಾರೆ. ದೂರದ ಸ್ಕಾಟ್ಲೆಂಡಿನಲ್ಲಿಯೂ ೨೦೦೯ರಲ್ಲಿ ಟ್ರೌಟ್ ಮೀನಿಗೆ ಬೆಳ್ಳುಳ್ಳಿಯನ್ನೂ ಶುಂಠಿಯನ್ನೂ ಕೊಟ್ಟು ಒಳ್ಳೆಯ ಫಲವನ್ನು ಕಂಡರು. ಸೊರಬ, ಶಿಕಾರಿಪುರಗಳಲ್ಲಿ ಹೊಲಹೊಲದಲ್ಲಿ ಬೆಳೆಯುವ ಶುಂಠಿಯು ಅಷ್ಟು ದೂರದ ಮೀನಿಗೆ ಮದ್ದಾದುದನ್ನು ಓದಿ, 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ನನಗೆ ನೆನಪಾಯಿತು.

ಇವು ಕೆಲಸಮಾಡುವ ಬಗೆ ಹೇಗೆಂದರೆ: ಬೆಳ್ಳುಳ್ಳಿಯಲ್ಲಿಯೂ ಅರಿಸಿನದಲ್ಲಿಯೂ ಇರುವ ಕೆಲವು ದ್ರವ್ಯಗಳು ತಾವೇ ಸೂಕ್ಷ್ಮಜೀವಿಗಳನ್ನು ಕುಗ್ಗಿಸಬಲ್ಲವು. ಇನ್ನು ಕೆಲವು ಗಿಡಗಳಲ್ಲಿರುವ, ಸಕ್ಕರೆಯ ಕಣಗಳು ಸರಪಣಿಯಾಗಿ ಹೆಣೆದುಕೊಂಡ ದ್ರವ್ಯಗಳನ್ನು, ಮೀನಿನ ಭಕ್ಷಕ ಕಣಗಳು ಶತ್ರುವಿನ ಗುರುತೆಂದೇ ಭಾವಿಸಿ ಎಚ್ಚೆತ್ತುಕೊಳ್ಳುತ್ತವೆ. ಶತ್ರು ಬರುವುದಕ್ಕೆ ಮೊದಲೇ ಕಾವಲುಗಾರನನ್ನು ತಟ್ಟಿ ಎಬ್ಬಿಸಿದಂತೆ ಇದು. ಈ ಹೋಲಿಕೆಯಿಂದ ಎರಡು ಸಂಗತಿಗಳು ತಾವಾಗಿಯೇ ತಿಳಿಯುವುವು. ಮೊದಲನೆಯದು, ಮೂಲಿಕೆಯನ್ನು ರೋಗ ಬರುವುದಕ್ಕೆ ಮುಂಚೆ ಕೊಡತಕ್ಕದ್ದು. ಕಳ್ಳನು ಒಳಹೊಕ್ಕು ಮನೆಯನ್ನು ದೋಚಿದ ಮೇಲೆ ಕಾವಲುಗಾರನನ್ನು ಎಬ್ಬಿಸಿ ಫಲವೇನು? ಹುಣ್ಣಾದ ಮೀನು ಮೇವನ್ನೇ ಮುಟ್ಟದಿರುವಾಗ ಮೇವಿನೊಳಗಿನ ಮದ್ದು ಅದರ ಹೊಟ್ಟೆಗೆ ಸೇರುವುದಾದರೂ ಹೇಗೆ? ಎರಡನೆಯದು, ಸದಾಕಾಲವೂ ಕೊಡತಕ್ಕದ್ದಲ್ಲ. ರಾತ್ರಿಯಿಡೀ ಎಬ್ಬಿಸುತ್ತಲೇ ಇದ್ದರೆ ಕಾವಲುಗಾರನು ಬಳಲಿ ಮಲಗುವನು. ಅತಿ ಹೆಚ್ಚಿನ ಪ್ರಮಾಣದಲ್ಲಿ ಅಥವಾ ಅತಿ ದೀರ್ಘಕಾಲ ಕೊಟ್ಟರೆ ನಿರೋಧಶಕ್ತಿಯು ಏರುವುದಕ್ಕೆ ಬದಲು ಇಳಿಯುವುದೂ ಉಂಟು.

ಇಲ್ಲಿಯೇ ನನ್ನ ತಪ್ಪಿನ ಮೂಲವಿದೆ. ಗಿಡದಿಂದ ಬಂದುದೆಲ್ಲ ನಿರಪಾಯವೆಂದು ನಾನು ನಂಬಿದ್ದೆನು. ಆದರೆ ನಮ್ಮ ಮಲೆನಾಡಿನ ಹಿರಿಯರಿಗೆ ಇದರ ಮತ್ತೊಂದು ಮುಖವು ಚೆನ್ನಾಗಿ ತಿಳಿದಿತ್ತು. ಕಾಕಮಾರಿಯ ಬೀಜವನ್ನೂ ಕಾರೆಯ ಕಾಯಿಯನ್ನೂ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನುಗಳಿಗೆ ಅಮಲೇರಿಸಿ ಹಿಡಿಯುತ್ತಿದ್ದುದನ್ನು ನೀವು ಕೇಳಿರಬಹುದು. ಅವೂ ಗಿಡಗಳೇ ಅಲ್ಲವೇ? ಹಿಪ್ಪೆಯ ಹಿಂಡಿಯನ್ನು ಹೆಕ್ಟೇರಿಗೆ ೨,೫೦೦ ಕಿಲೋಗ್ರಾಂನಂತೆ ಕೊಳಕ್ಕೆ ಹಾಕಿ, ಮರಿಗಳನ್ನು ಬಿಡುವ ಮೊದಲು ಬೇಡದ ಮೀನುಗಳನ್ನೆಲ್ಲ ಕೊಲ್ಲುವ ಪದ್ಧತಿಯುಂಟು. ಎರಡು ಮೂರು ವಾರಗಳಲ್ಲಿ ಅದರ ವಿಷವು ಇಳಿದುಹೋಗಿ ಅದೇ ಹಿಂಡಿಯು ಕೊಳಕ್ಕೆ ಗೊಬ್ಬರವಾಗುವುದು. ಒಂದೇ ವಸ್ತುವು ಮೊದಲು ವಿಷ, ಬಳಿಕ ಆಹಾರ. ಬೇವಿನ ಸಾರವೂ ಮಿತಿಮೀರಿದರೆ ಮೀನಿಗೆ ವಿಷವೇ. ಅಲ್ಲದೆ, ನೀರಿಗೆ ಸುರಿದ ಹಸಿಯ ಸೊಪ್ಪು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುತ್ತದೆ. ರಾತ್ರಿಯ ಹೊತ್ತು ಪಾಚಿಯೂ ಆಮ್ಲಜನಕವನ್ನೇ ಬಳಸುವುದರಿಂದ ಬೆಳಗಿನ ಜಾವದಲ್ಲಿ ಅದು ತೀರ ಕಡಿಮೆಯಾಗಿರುತ್ತದೆ. ಆ ಹೆಂಗಸರ ಮೀನುಗಳು ಬೆಳಗಿನ ಜಾವದಲ್ಲಿಯೇ ಬಾಯಿ ತೆರೆದು ಮೇಲೆದ್ದು ಬಂದುದರ ಅರ್ಥವು ನನಗೆ ತಡವಾಗಿ ತಿಳಿಯಿತು. ಅವು ರೋಗದಿಂದಲೇ ಸತ್ತುವಲ್ಲ, ಉಸಿರಿಲ್ಲದೆಯೂ ಸತ್ತುವು.

ಹಾಗಾದರೆ ಮಾಡತಕ್ಕದ್ದೇನು? ಮೊಟ್ಟಮೊದಲನೆಯ ಮದ್ದು ನೀರು. ಮಿತಿಗಿಂತ ಹೆಚ್ಚು ಮರಿಗಳನ್ನು ಬಿಡದಿರುವುದು, ತಿನ್ನದೆ ಉಳಿದ ಮೇವು ಕೊಳೆಯದಂತೆ ನೋಡಿಕೊಳ್ಳುವುದು, ಹೊಂಡದ ನೀರಿಗೆ ಹುಳಿಯ ಗುಣವಿದ್ದರೆ ಪರೀಕ್ಷೆ ಮಾಡಿಸಿ ತಕ್ಕಷ್ಟು ಸುಣ್ಣವನ್ನು ಹಾಕುವುದು, ಗದ್ದೆಗೂ ಶುಂಠಿಯ ಮಡಿಗಳಿಗೂ ಹೊಡೆದ ಕ್ರಿಮಿನಾಶಕವು ಮಳೆಯೊಡನೆ ಹೊಂಡಕ್ಕೆ ಹರಿದುಬರದಂತೆ ಬದುವನ್ನು ಕಟ್ಟುವುದು, ಹೊಸದಾಗಿ ತಂದ ಮರಿಗಳನ್ನು ಲೀಟರಿಗೆ ೨೦ರಿಂದ ೩೦ ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಕೆಲವೇ ನಿಮಿಷ ಅದ್ದಿ, ಅವು ಒದ್ದಾಡತೊಡಗಿದೊಡನೆ ತೆಗೆದು ಬಿಡುವುದು: ಇವನ್ನು ಮಾಡದೆ ಎಷ್ಟು ಅಮೃತಬಳ್ಳಿಯನ್ನು ತಿನ್ನಿಸಿದರೂ ಫಲವಿಲ್ಲ. ಹಸಿದ ಮಗುವಿಗೆ ಊಟವಿಕ್ಕದೆ ಲೇಹ್ಯವನ್ನು ನೆಕ್ಕಿಸಿದಂತಾದೀತು.

ಇಷ್ಟನ್ನು ಮಾಡಿದ ಮೇಲೆ ಮೂಲಿಕೆಯನ್ನು ಕೊಡಬಯಸುವವರು ಲೆಕ್ಕವನ್ನು ಕಲಿಯಬೇಕು. ಹೊಂಡದಲ್ಲಿ ತಲಾ ೧೦೦ ಗ್ರಾಂ ತೂಗುವ ೧,೦೦೦ ಮೀನುಗಳಿವೆಯೆನ್ನೋಣ. ಒಟ್ಟು ತೂಕ ೧೦೦ ಕಿಲೋಗ್ರಾಂ. ತೂಕದ ನೂರಕ್ಕೆ ೩ರಂತೆ ದಿನದ ಮೇವು ೩ ಕಿಲೋಗ್ರಾಂ. ಇದು ಅಕ್ಕಿಯ ತೌಡೂ ಕಡಲೆಕಾಯಿ ಹಿಂಡಿಯೂ ಸಮಸಮನಾಗಿ ಬೆರೆತುದು. ಕಿಲೋಗ್ರಾಮಿಗೆ ೫ ಗ್ರಾಂ ಬೆಳ್ಳುಳ್ಳಿಯಂತೆ ದಿನಕ್ಕೆ ೧೫ ಗ್ರಾಂ, ಒಂದು ತಿಂಗಳಿಗೆ ೪೫೦ ಗ್ರಾಂ ಸಾಕು. ಎಷ್ಟು ಸ್ವಲ್ಪವೆಂಬುದನ್ನು ನೋಡಿರಿ! ಬುಟ್ಟಿಗಳ ಮಾತೇ ಇಲ್ಲಿಲ್ಲ. ಬೆಳ್ಳುಳ್ಳಿಯನ್ನು ನುಣ್ಣಗೆ ಅರೆದು, ಗಂಜಿಯಲ್ಲಿ ಕದಡಿ, ಹಿಂಡಿ ತೌಡುಗಳೊಡನೆ ಕಲಸಿ, ಉಂಡೆಗಟ್ಟಿ, ನೆರಳಿನಲ್ಲಿ ಆರಿಸಬೇಕು. ಗಂಜಿಯ ಅಂಟಿಲ್ಲದಿದ್ದರೆ ಮದ್ದು ಮೀನಿಗೆ ಸೇರದೆ ನೀರಿನಲ್ಲಿ ಕರಗಿಹೋಗುವುದು. ಹುಣ್ಣಿನ ಕಾಲಕ್ಕೆ ಮುಂಚಿತವಾಗಿಯೇ ಇದನ್ನು ಪ್ರಾರಂಭಿಸಿ ಕೆಲವು ವಾರಗಳ ಬಳಿಕ ನಿಲ್ಲಿಸತಕ್ಕದ್ದು. ರೋಗವು ಬಂದೇಬಿಟ್ಟರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಬೇಕೇ ಹೊರತು, ನನ್ನಂಥ ಉಪಾಧ್ಯಾಯಿನಿಯ ಬಾಯಿಮಾತನ್ನು ನಂಬತಕ್ಕದ್ದಲ್ಲ. ೧೯೬೯ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕೆ ಮಹಾವಿದ್ಯಾಲಯವು ನಮ್ಮ ನಾಡಿನಲ್ಲಿಯೇ ಇರುವಾಗ ಬಲ್ಲವರಿಗೆ ಕೊರತೆಯೇನೂ ಇಲ್ಲ.

ಮತ್ತೊಂದು ಮಾತನ್ನೂ ಮರೆಮಾಚಬಾರದು. ಮೇಲೆ ಹೇಳಿದ ಪರೀಕ್ಷೆಗಳು ಬಹುಮಟ್ಟಿಗೆ ತೊಟ್ಟಿಗಳಲ್ಲಿ, ಹದವಾದ ನೀರಿನಲ್ಲಿ, ಎಣಿಸಿದ ಮೀನುಗಳ ಮೇಲೆ ನಡೆದುವು. ಕೆರೆಯು ತೊಟ್ಟಿಯಲ್ಲ. ಗಿಡವೂ ಎಲ್ಲೆಡೆ ಒಂದೇ ಅಲ್ಲ. ಮಣ್ಣು, ಋತು, ಎಲೆಯ ಎಳೆತನ, ಒಣಗಿಸಿದ ಬಗೆ, ಇವುಗಳಂತೆ ಅದರ ಸತ್ತ್ವವು ಏರುವುದು, ಇಳಿಯುವುದು. ಆದಕಾರಣ ಅಂಗಡಿಯಲ್ಲಿ ಬಣ್ಣದ ಚೀಟಿಯ ಡಬ್ಬಿಯನ್ನು ತೋರಿಸಿ, 'ಇದನ್ನು ಹಾಕಿದರೆ ಒಂದು ಮೀನೂ ಸಾಯದು' ಎಂದು ಹೇಳುವವರನ್ನು ನಂಬುವ ಮೊದಲು, ಇದನ್ನು ಹಾಕದ ಮೀನುಗಳೊಡನೆ ಹೋಲಿಸಿ ನೋಡಿದ್ದೀರಾ ಎಂಬ ಒಂದೇ ಪ್ರಶ್ನೆಯನ್ನು ಕೇಳಿರಿ.

ಈ ಪ್ರಶ್ನೆಯನ್ನು ನನಗೆ ಕಲಿಸಿದವಳು ಆ ಹಳೆಯ ವಿದ್ಯಾರ್ಥಿನಿಯೇ. ಮರುವರ್ಷ ಆ ಹೆಂಗಸರು ಧೈರ್ಯಗುಂದದೆ ಮತ್ತೆ ಮರಿಗಳನ್ನು ತಂದರು. ಈ ಬಾರಿ ಹೊಂಡವನ್ನು ಮೊದಲು ಬತ್ತಿಸಿ ಸುಣ್ಣವನ್ನು ಹಾಕಿದರು. ಮರಿಗಳ ಸಂಖ್ಯೆಯನ್ನು ಕಡಿಮೆಮಾಡಿದರು. ಹೊಂಡದೊಳಗೆ ಬಲೆಯ ಎರಡು ತೊಟ್ಟಿಲುಗಳನ್ನು ಕಟ್ಟಿ, ಒಂದರ ಮೀನುಗಳಿಗೆ ಬೆಳ್ಳುಳ್ಳಿಯ ಮೇವನ್ನೂ ಇನ್ನೊಂದರವಕ್ಕೆ ಬರಿಯ ಮೇವನ್ನೂ ಕೊಟ್ಟು, ವಾರಕ್ಕೊಮ್ಮೆ ತೂಗಿ ನೋಟ್‌ಪುಸ್ತಕದಲ್ಲಿ ಬರೆದಿಟ್ಟರು. ಚಳಿಗಾಲ ಕಳೆದ ಮೇಲೆ ಅವಳು ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ಎರಡು ತೊಟ್ಟಿಲುಗಳ ಮೀನುಗಳೂ ಚೆನ್ನಾಗಿಯೇ ಬದುಕಿದ್ದುವು. ಹುಣ್ಣು ಯಾವುದಕ್ಕೂ ಬಂದಿರಲಿಲ್ಲ. "ಹಾಗಾದರೆ ಬೆಳ್ಳುಳ್ಳಿಯಿಂದ ಉಪಯೋಗವಾಯಿತೇ?" ಎಂದು ಕೇಳಿದೆನು. ಅವಳು ನಕ್ಕು, "ಹೇಳಲಿಕ್ಕಾಗದು, ಟೀಚರ್. ಕಳ್ಳನೇ ಬರಲಿಲ್ಲ, ಯಾವ ಕಾವಲುಗಾರ ಗಟ್ಟಿ ಅಂತ ಹೇಗೆ ಹೇಳಲಿ? ನೀರು ಚೆನ್ನಾಗಿತ್ತು, ಅಷ್ಟು ಮಾತ್ರ ಗೊತ್ತು" ಎಂದಳು.

ಇಪ್ಪತ್ತಕ್ಕೆ ಮೀರಿದ ವರ್ಷಗಳಿಂದ ಮಕ್ಕಳಿಗೆ ವಿಜ್ಞಾನವನ್ನು ಕಲಿಸಿದ್ದೇನೆ. ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಪರೀಕ್ಷೆಯ ಕಾಗದದಲ್ಲಿಯೂ ಓದಿಲ್ಲ. ತಿಳಿದುದನ್ನು ತಿಳಿದಿದೆಯೆಂದೂ, ತಿಳಿಯದುದನ್ನು ತಿಳಿಯದೆಂದೂ ಹೇಳುವ ಧೈರ್ಯವು ನನಗೆ ಆ ಬೇವಿನ ದಿನ ಇರಲಿಲ್ಲ. ಅವಳ ತಂಗಿಯು ಒಂದು ವರ್ಷ ತಡವಾಗಿ ಕಾಲೇಜಿಗೆ ಸೇರಿದಳು. ಆ ಒಂದು ವರ್ಷವು ನನ್ನ ಲೆಕ್ಕದಲ್ಲಿದೆ.

ಹಿತ್ತಲ ಗಿಡವು ಮದ್ದಾಗಬಲ್ಲುದು. ಆದರೆ ತಕ್ಕಡಿಯಲ್ಲಿ ತೂಗಿದರೆ ಮಾತ್ರ. ನಿಮ್ಮಲ್ಲಿ ಯಾರಾದರೂ ಹೊಂಡದಲ್ಲಾಗಲಿ ಕೆರೆಯಲ್ಲಾಗಲಿ ಹೀಗೆ ಹೋಲಿಸಿ ನೋಡಿ ಲೆಕ್ಕವನ್ನು ಬರೆದಿಟ್ಟರೆ, ಶಾಲೆಗೆ ಬಂದಾಗ ಆ ಪುಸ್ತಕವನ್ನು ದಯವಿಟ್ಟು ತನ್ನಿರಿ. ಸೋತ ಲೆಕ್ಕವನ್ನೂ ತನ್ನಿರಿ. ಈಗಿನ ಮಕ್ಕಳಿಗೆ ಪಾಠಮಾಡುವುದಕ್ಕೆ ಅದೂ ಬೇಕು. ಇಷ್ಟು ಹೇಳಿ, ನಿಮ್ಮೆಲ್ಲರ ಮನೆಗಳಿಗೂ ಹೊಲಗಳಿಗೂ ನೀರಿಗೂ ಒಳಿತನ್ನು ಹಾರೈಸಿ ವಿರಮಿಸುತ್ತೇನೆ.

ನಿಮ್ಮ ಮುಖ್ಯೋಪಾಧ್ಯಾಯಿನಿ